ವಿಜಯಪುರದ ನಮ್ಮ ಸ್ಟುಡಿಯೋದ ಹಾರ್ಡ್ ಡಿಸ್ಕ್‌ನಿಂದ ಮದುವೆ ಫೋಟೋಗಳು ಡಿಲೀಟ್ ಆಗಿವೆ. ಲಿನಕ್ಸ್‌ನಿಂದ ವಾಪಸ್ ತೆಗೆಯಬಹುದೇ?

ಡಿಲೀಟ್ ಆದ ಮೇಲೆ ಆ ಡಿಸ್ಕ್‌ಗೆ ಹೊಸದೇನೂ ಹಾಕಿಲ್ಲವಾದರೆ ಬಹುಪಾಲು ಸಿಗುತ್ತವೆ. ಈಗಲೇ ಅದನ್ನು ಕಳಚಿಡಿ, ದಯವಿಟ್ಟು.

ಡಿಲೀಟ್ ಮಾಡಿದಾಗ ಫೋಟೋ ಅಳಿಯುವುದಿಲ್ಲ. ‘ಈ ಜಾಗ ಖಾಲಿ’ ಎಂದು ಡಿಸ್ಕ್‌ನ ಪಟ್ಟಿಯಲ್ಲಿ ಗುರುತಾಗುತ್ತದೆ, ಅಷ್ಟೇ. ಉತಾರದಿಂದ (ಪಹಣಿಯಿಂದ) ಹೆಸರು ತೆಗೆದರೆ ಹೊಲ ಮಾಯವಾಗುವುದಿಲ್ಲವಲ್ಲ, ಹಾಗೆ. ಹೊಸ ಫೈಲ್ ಅದೇ ಜಾಗದಲ್ಲಿ ಕೂತರೆ ಮಾತ್ರ ಹಳೆಯದು ಹೋಯಿತು.

ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡರೆ, ಡಿಲೀಟ್ ಆದ ಫೈಲು ಹುಡುಕುವ ಫೋಟೋರೆಕ್ ಜೊತೆಗೇ ಬರುತ್ತದೆ. ಫೋಟೋರೆಕ್ ಡಿಸ್ಕ್‌ನ ಆ ಪಟ್ಟಿಯನ್ನು ನಂಬದೆ, ಡಿಸ್ಕನ್ನೇ ಓದುತ್ತಾ ಫೈಲುಗಳ ಆರಂಭದ ಗುರುತು ಹುಡುಕುತ್ತದೆ. ಜೆಪೆಗ್ ಫೋಟೋ ಶುರುವಾಗುವುದೇ ‘ಎಫ್‌ಎಫ್ ಡಿ8 ಎಫ್‌ಎಫ್’ ಎಂಬ 3 ಬೈಟ್‌ಗಳಿಂದ. ಹಾಗಾಗಿ ಫೋಟೋ ಸಿಗುತ್ತದೆ, ಫೈಲಿನ ಹೆಸರು, ಫೋಲ್ಡರ್ ಸಿಗುವುದಿಲ್ಲ. ವಿಂಗಡಿಸುವ ಕೆಲಸ ಬೇಸರದ್ದು. ಕ್ಯಾಮೆರಾ ಫೋಟೋದೊಳಗೇ ಬರೆದಿಟ್ಟ ದಿನಾಂಕ ನೆರವಿಗೆ ಬರುತ್ತದೆ.

ಸಿಕ್ಕಿದ್ದನ್ನು ಕಡ್ಡಾಯವಾಗಿ ಬೇರೆ ಡಿಸ್ಕ್‌ಗೇ ಉಳಿಸಿ. ಓದುವಾಗ ಎರರ್ ಬಂದರೆ ಮೊದಲು ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್‌ನಿಂದ ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಹುಡುಕಿ. ಒಳಗಿಂದ ಟಕ್ ಟಕ್ ಸದ್ದು ಬಂದರೆ ತಕ್ಷಣ ಆಫ್ ಮಾಡಿ, ಡೇಟಾ ರಿಕವರಿ ಲ್ಯಾಬ್‌ಗೆ ಒಯ್ಯಿರಿ.