ಮದುವೆ ಮಾತು ಆಮೇಲೆ, ಮೊದಲು ಪರಿಹಾರದ ಅರ್ಜಿ ಹಾಕಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ 26 ವರ್ಷ, ಪಿಯುಸಿ ಕಾಮರ್ಸ್ ಓದಿದ್ದೇನೆ. ನಮ್ಮ ಯಜಮಾನರು ಸಂಡೂರು ತಾಲೂಕಿನ ಒಂದು ಕಬ್ಬಿಣದ ಅದಿರಿನ ಗಣಿಯಲ್ಲಿ ಗುತ್ತಿಗೆದಾರರ ಕೈಕೆಳಗೆ ಡಂಪರ್ ಓಡಿಸುತ್ತಿದ್ದರು. 2025ರ ಮಾರ್ಚ್‌ನಲ್ಲಿ ನೈಟ್ ಶಿಫ್ಟ್‌ನಲ್ಲಿ ಡಂಪರ್ ಮಗುಚಿ ತೀರಿಕೊಂಡರು. ಅವರಿಗೆ 30 ವರ್ಷ. ಸಂಬಳ 18 ಸಾವಿರ, ಪಿಎಫ್ ಹಿಡಿಯುತ್ತಿದ್ದರು. ದಿನ, ಕರ್ಮ ಮುಗಿದ ಮೇಲೆ ಗುತ್ತಿಗೆದಾರರು ಮನೆಗೆ ಬಂದು ಮಾವನ ಕೈಗೆ 3 ಲಕ್ಷ ನಗದು ಕೊಟ್ಟು, ಬಾಂಡ್ ಪೇಪರ್ ಮೇಲೆ ನನ್ನ ಸಹಿ ಹಾಕಿಸಿಕೊಂಡರು. ಇನ್ನು ಮುಂದೆ ಏನೂ ಕೇಳುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಈಗ ಮನೆಯಲ್ಲಿ ಮೈದುನನನ್ನೇ ಮಾಡಿಕೋ ಅಂತಿದ್ದಾರೆ. ಅವನಿಗೆ 23. ಹೊರಗೆ ಮದುವೆಯಾದರೆ ಒಂದು ರೂಪಾಯಿ ಸಿಗಲ್ಲ, ಮಕ್ಕಳನ್ನೂ ಕಳಿಸಲ್ಲ ಅಂತಾರೆ. ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬರು ನಮ್ಮ ತವರಿನಲ್ಲಿ ಕೇಳಿಸಿದ್ದಾರೆ. ನನಗೆ ತಲೆಯೇ ಓಡುತ್ತಿಲ್ಲ. ಗಣಿಯಲ್ಲೇ ಕೆಲಸ ಕೇಳಲಾ? ಮಗನಿಗೆ 4 ವರ್ಷ, ಮಗಳಿಗೆ ಒಂದೂವರೆ. ಮಧ್ಯಾಹ್ನ ಬ್ಲಾಸ್ಟಿಂಗ್ ಸೈರನ್ ಕೂಗಿದರೆ ಸಾಕು, ಮಗ ಬಾಗಿಲಿಗೆ ಓಡಿ ಅಪ್ಪ ಬಂದ ಅಂತಾನೆ.
ಹೆಸರು ಬೇಡ, ಸಂಡೂರು ತಾಲೂಕು

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಬಾಂಡ್ ಪೇಪರ್. ಅದರಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಮದುವೆ, ಮಕ್ಕಳು, ಕೆಲಸ ಎಲ್ಲದರ ಕೆಳಗೂ ಕೂತಿರುವುದು ದುಡ್ಡಿನ ಭಯ. ಆ ಭಯ ಇರುವವರೆಗೆ ನೀವು ಯಾರಿಗೆ ಹೂಂ ಅಂದರೂ ಅದು ನಿಮ್ಮ ಮನಸ್ಸಿನ ಹೂಂ ಆಗುವುದಿಲ್ಲ.

ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ: ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಕೆಲಸಗಾರ ಬರೆದುಕೊಟ್ಟರೆ ಆ ಒಪ್ಪಂದವೇ ಊರ್ಜಿತವಲ್ಲ. ಇನ್ನೂ ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಕೆಲಸಗಾರ ಸತ್ತಾಗ ಮಾಲೀಕರು ಪರಿಹಾರವನ್ನು ಮನೆಯವರ ಕೈಗೆ ಕೊಟ್ಟು ಮುಗಿಸುವಂತಿಲ್ಲ. ಪರಿಹಾರ ಆಯುಕ್ತರ (ಇಂಥ ಅರ್ಜಿಗಳನ್ನು ವಿಚಾರಿಸಿ ತೀರ್ಮಾನಿಸುವವರು) ಹತ್ತಿರ ಠೇವಣಿ ಇಡಬೇಕು, ಅವರು ಹಂಚಬೇಕು. ಕೈಗೆ ಕೊಟ್ಟದ್ದನ್ನು ಕಾಯ್ದೆ ಪರಿಹಾರ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮುಂಗಡ ಅಂತ ಹೆಚ್ಚೆಂದರೆ ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ಕಡಿತ ಮಾಡಬಹುದು. ಅಂದರೆ ಆ 3 ಲಕ್ಷದಲ್ಲಿ 54 ಸಾವಿರ. ಇಂಥ ಕಾಗದ ದಿನ, ಕರ್ಮ ಮುಗಿಯುವ ಹೊತ್ತಿಗೇ ಯಾಕೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಆ ಹೊತ್ತಿಗೆ ಯಾವ ಹೆಂಡತಿಯೂ ಓದಿ ಸಹಿ ಹಾಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಹಾಗಾದರೆ ಎಷ್ಟು ಬರಬೇಕು? ತಿಂಗಳ ಸಂಬಳದ ಅರ್ಧವನ್ನು ಸತ್ತವರ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ನಿಮ್ಮವರ ಸಂಬಳ 18 ಸಾವಿರ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15 ಸಾವಿರ, 2020ರಿಂದ ಮಿತಿ ಅಷ್ಟೇ ಇದೆ. ಅದರರ್ಧ 7,500. ಮೂವತ್ತು ವಯಸ್ಸಿಗೆ ಆ ಅಂಕಿ 207.98. ಗುಣಿಸಿದರೆ 15,59,850 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ಖರ್ಚು ಅಂತ 5 ಸಾವಿರ. ಸಾವಿನ ನಂತರ ಒಂದು ತಿಂಗಳಲ್ಲಿ ಠೇವಣಿ ಇಡದೇ ಹೋದರೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿ. ಸುಮ್ನೆ ತಡ ಮಾಡಿದ್ದಾರೆ ಅಂತ ಕಂಡರೆ ಪರಿಹಾರದ ಅರ್ಧದವರೆಗೂ ದಂಡ ಹಾಕುವ ಅಧಿಕಾರ ಆಯುಕ್ತರಿಗೆ ಇದೆ. ನಿಮ್ಮ ಕೈಗೆ ಬಂದದ್ದು, ತಪ್ಪು, ಮಾವನ ಕೈಗೆ ಬಂದದ್ದು 3 ಲಕ್ಷ.

ಗುತ್ತಿಗೆದಾರರು ನನ್ನ ಹತ್ತಿರ ಇಲ್ಲ ಅಂತ ಕೈ ಎತ್ತಿದರೂ ಹೆದರಬೇಡಿ. ಕೆಲಸ ಗಣಿಯದ್ದು, ಹಾಗಾಗಿ ಗಣಿಯ ಮಾಲೀಕರನ್ನೂ ಇದೇ ಅರ್ಜಿಯಲ್ಲಿ ಹೊಣೆ ಮಾಡಬಹುದು. ಅವರು ಕೊಟ್ಟು ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಲಿ, ಅದು ಅವರಿಬ್ಬರ ಲೆಕ್ಕ.

ಅರ್ಜಿ ಹಾಕಲು ಎರಡು ವರ್ಷ ಟೈಮು. ನಿಮಗೆ ಅದು 2027ರ ಮಾರ್ಚ್‌ಗೆ ಮುಗಿಯುತ್ತದೆ. ಅಷ್ಟರವರೆಗೆ ಕಾಯಬೇಡಿ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಬದಲಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ, ಆದರೆ ನಿಮ್ಮದು ಅದಕ್ಕೂ ಮೊದಲಿನ ಅಪಘಾತ, ಹಾಗಾಗಿ ನಾನು ಹೇಳಿದ್ದೆಲ್ಲ ಹಳೆಯ ಕಾಯ್ದೆಯ ಲೆಕ್ಕ. ಯಾವ ಕೋರ್ಟಿಗೆ, ಯಾವ ನಮೂನೆಯಲ್ಲಿ ಅನ್ನುವ ತಲೆನೋವು ನಿಮಗೆ ಬೇಡ. ಅದಕ್ಕೆ ವಕೀಲರು ಇದ್ದಾರೆ, ಅದೂ ಪುಕ್ಕಟೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕು ಇದೆ. ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನುವ ದಲ್ಲಾಳಿಗಳು ಈ ಕಡೆ ಬಹಳ, ಅವರ ಕೈಗೆ ಒಂದು ಸಹಿಯನ್ನೂ ಕೊಡಬೇಡಿ.

ಏನೇನು ಒಟ್ಟು ಮಾಡಬೇಕು ಅಂದರೆ: ಎಫ್‌ಐಆರ್ ಪ್ರತಿ, ಪೋಸ್ಟ್ ಮಾರ್ಟಂ ವರದಿ, ಮರಣ ಪತ್ರ, ಮದುವೆಯ ಫೋಟೋ, ಮಕ್ಕಳ ಜನನ ಪತ್ರ, ಸಂಬಳ ಜಮಾ ಆದ ಪಾಸ್‌ಬುಕ್. ಯಜಮಾನರ ವಿ.ಟಿ.ಸಿ. (ಗಣಿ ಕೆಲಸದ ವೃತ್ತಿ ತರಬೇತಿ ಕೇಂದ್ರ) ತರಬೇತಿಯ ಸರ್ಟಿಫಿಕೇಟ್ ಮತ್ತು ಗೇಟ್ ಪಾಸ್ ಮನೆಯಲ್ಲಿ ಎಲ್ಲೋ ಇರುತ್ತದೆ, ಹುಡುಕಿ. ಅವರ ಡ್ಯೂಟಿ ಬ್ಯಾಗು, ಪ್ಯಾಂಟಿನ ಜೇಬು ಎಲ್ಲ ನೋಡಿ. ಅವನು ನಮ್ಮ ಕೆಲಸಗಾರನೇ ಅಲ್ಲ ಅಂತ ನಾಳೆ ಯಾರಾದರೂ ಹೇಳಿದರೆ ಆ ಚೀಟಿಗಳೇ ಮಾತಾಡಬೇಕು. ಗಣಿಯಲ್ಲಿ ಸಾವಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ತಿಳಿಸಲೇಬೇಕು, ಅವರು ವಿಚಾರಣೆ ನಡೆಸಬೇಕು. ಅವರ ಕಚೇರಿ ಬಳ್ಳಾರಿಯಲ್ಲೇ ಇದೆ. ಆ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಲು ವಕೀಲರಿಗೆ ಹೇಳಿ.

ಪಿಎಫ್ ಬೇರೆ ಲೆಕ್ಕ, ಪರಿಹಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದರಲ್ಲಿ ಮೂರು ಬರುತ್ತದೆ: ಕೂಡಿದ ಹಣ, ವಿಮೆ, ಪಿಂಚಣಿ. ವಿಮೆಗೆ ಅವರು ಒಂದು ರೂಪಾಯಿ ಕಟ್ಟಿರಬೇಕಾಗಿಲ್ಲ, ಅದು ಮಾಲೀಕರು ಕಟ್ಟುವುದು. ವರ್ಷಪೂರ್ತಿ ಬಿಡದೆ ಕೆಲಸ ಮಾಡಿದ್ದರೆ ಕಡಿಮೆ ಅಂದರೂ ಎರಡೂವರೆ ಲಕ್ಷ, ಹೆಚ್ಚೆಂದರೆ 7 ಲಕ್ಷ. ಪಿಂಚಣಿ ತಿಂಗಳಿಗೆ ಕನಿಷ್ಠ ಸಾವಿರ ರೂಪಾಯಿ ನಿಮಗೆ, ಜೊತೆಗೆ ಇಬ್ಬರು ಮಕ್ಕಳಿಗೂ 25 ವರ್ಷ ತುಂಬುವವರೆಗೆ ಬೇರೆ ಪಿಂಚಣಿ. ಮದುವೆಗೆ ಮುಂಚೆ ನಾಮಿನಿ ಅಂತ ಅಪ್ಪನ ಹೆಸರು ಬರೆಸಿದ್ದರು ಅಂತ ಮಾವ ಹೇಳಬಹುದು. ಮದುವೆ ಆದ ತಕ್ಷಣ ಆ ನಾಮಿನೇಶನ್ ತಾನಾಗಿಯೇ ಬಿದ್ದುಹೋಗುತ್ತದೆ.

ಈಗ ಮದುವೆ ವಿಷಯ. ಹೊರಗೆ ಮದುವೆಯಾದರೆ ಏನೂ ಸಿಗಲ್ಲ ಅನ್ನುವ ಮಾತು ಬರೀ ಬೆದರಿಕೆ. ಅವರು ತೀರಿಹೋದ ದಿನ ನೀವು ಅವರ ಹೆಂಡತಿ, ಪರಿಹಾರದ ಹಕ್ಕು ಹುಟ್ಟಿದ್ದು ಆ ದಿನ. ಯಜಮಾನರ ಹೆಸರಿನ ಆಸ್ತಿಯಲ್ಲೂ ಅಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಈ ನಾಲ್ವರಿಗೆ ಸಮಪಾಲು. ಮತ್ತೆ ಮದುವೆಯಾದ ವಿಧವೆಯ ಪಾಲು ಕಸಿಯುತ್ತಿದ್ದ ಕಲಮನ್ನು 2005ರಲ್ಲೇ ತೆಗೆದುಹಾಕಿದ್ದಾರೆ. ಮಕ್ಕಳ ವಿಷಯದಲ್ಲೂ, ತಂದೆ ಇಲ್ಲದಾಗ ತಾಯಿಯೇ ಸಹಜ ಪಾಲಕಿ, ಮರುಮದುವೆಯಾದಳು ಅಂತ ಅದು ತಪ್ಪಿಹೋಗುವುದಿಲ್ಲ. ನಿಂತುಹೋಗುವುದು ಎರಡೇ: ನಿಮ್ಮ ಪಿಎಫ್ ಪಿಂಚಣಿ, ಸರ್ಕಾರದ ವಿಧವಾ ವೇತನ. ನಿಮ್ಮ ಪಿಂಚಣಿ ನಿಂತಾಗ ಮಕ್ಕಳದ್ದು ನಿಮ್ಮ ಪಿಂಚಣಿಯ ಕಾಲು ಭಾಗದಿಂದ ಮುಕ್ಕಾಲು ಭಾಗಕ್ಕೆ ಏರುತ್ತದೆ.

ಆದರೆ ಅತ್ತೆ, ಮಾವನನ್ನು ವೈರಿಗಳ ಹಾಗೆ ನೋಡಬೇಡಿ. ಅವರದ್ದೂ ಮಗ ಹೋಗಿದ್ದಾನೆ. ಮಗನ ಸಂಬಳದ ಮೇಲೆ ಬದುಕುತ್ತಿದ್ದರೆ ಅವರೂ ಅವಲಂಬಿತರು, ಯಾರಿಗೆ ಎಷ್ಟು ಅಂತ ಆಯುಕ್ತರು ತೀರ್ಮಾನಿಸುತ್ತಾರೆ. ಮಕ್ಕಳ ಪಾಲನ್ನು ಸಾಮಾನ್ಯವಾಗಿ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ, ಅದನ್ನು ನೀವೂ ಮುಟ್ಟುವಂತಿಲ್ಲ, ಮಾವನೂ ಮುಟ್ಟುವಂತಿಲ್ಲ. ಇದನ್ನು ಮಾವನಿಗೆ ಯಾರಾದರೂ ಹಿರಿಯರ ಎದುರು ತಿಳಿಸಿ ಹೇಳಿ. ದುಡ್ಡು ಸೊಸೆಯ ಜೊತೆ ಮನೆ ಬಿಟ್ಟು ಹೋಗುತ್ತದೆ ಅನ್ನುವ ಭಯ ಅರ್ಧ ಅಲ್ಲಿಗೇ ಇಳಿಯುತ್ತದೆ. ಮೈದುನನ ಸಂಬಂಧದ ಒತ್ತಾಯವೂ ಅದರ ಜೊತೆ ಇಳಿದರೆ ನನಗೆ ಆಶ್ಚರ್ಯ ಇಲ್ಲ!

ಉಡಿಕೆ, ಅಂದರೆ ವಿಧವೆಯ ಮರುಮದುವೆ, ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಹಿಂದಿನಿಂದ ಇದೆ, ಮೈದುನನ ಜೊತೆ ಆಗಿ ಚೆನ್ನಾಗಿ ಬಾಳಿದವರೂ ಇದ್ದಾರೆ. ತಪ್ಪು ಅನ್ನಲಾರೆ. ಆದರೆ ಆ 23ರ ಹುಡುಗನನ್ನು ಯಾರಾದರೂ ಕೇಳಿದ್ದಾರಾ? ಅವನ ಮನಸ್ಸಿನಲ್ಲಿ ಬೇರೆ ಹುಡುಗಿ ಇರಬಹುದು. ಅಣ್ಣನ ಹೆಂಡತಿ ಅಂತ ಕಂಡವಳನ್ನು ಹಾಗೆ ನೋಡಲು ಅವನಿಗೂ ಆಗದೇ ಇರಬಹುದು. ನೀವೇ ಒಂದು ದಿನ ಅವನನ್ನು ಕೂರಿಸಿಕೊಂಡು, ಅತ್ತೆ ಇಲ್ಲದಾಗ, ನಿನಗೆ ನಿಜವಾಗಿ ಏನು ಅನಿಸುತ್ತದೋ ಹೇಳಪ್ಪ ಅಂತ ಕೇಳಿ. ತವರಿಗೆ ಹೇಳಿಕಳಿಸಿದವರಿಗೂ ಒಂದೇ ಉತ್ತರ: ಕೋರ್ಟ್ ಕೆಲಸ ಮುಗಿಯಲಿ, ಅಲ್ಲಿಯವರೆಗೆ ಈ ಮಾತು ಬೇಡ. ಆ ದಿನದವರೆಗೂ ಕಾಯುವ, ದುಡ್ಡು ಮಕ್ಕಳ ಹೆಸರಿಗೆ ಹೋಯಿತು ಅಂತ ಗೊತ್ತಾದ ಮೇಲೂ ಕೇಳುವ ಮನುಷ್ಯನ ಬಗ್ಗೆ ಯೋಚನೆ ಮಾಡಬಹುದು. ಮದುವೆಯೇ ಬೇಡ ಅನಿಸಿದರೆ ಅದೂ ಸರಿ.

ಕೆಲಸ. ಖಾಸಗಿ ಗಣಿಯವರು ಅನುಕಂಪದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾನೂನು ಇಲ್ಲ, ಕೇಳುವುದಕ್ಕೆ ಅಡ್ಡಿಯೂ ಇಲ್ಲ. ಹಿಂದೆ ಹೆಂಗಸರು ರಾತ್ರಿ 7ರಿಂದ ಬೆಳಗ್ಗೆ 6ರವರೆಗೆ ಗಣಿಯಲ್ಲಿ ಇರುವಂತೆಯೇ ಇರಲಿಲ್ಲ. 2019ರಲ್ಲಿ ಅದನ್ನು ಸಡಿಲಿಸಿದರು, ತೆರೆದ ಗಣಿಯಲ್ಲಿ ಲಿಖಿತ ಒಪ್ಪಿಗೆ ಕೊಟ್ಟರೆ ರಾತ್ರಿ ಪಾಳಿಯೂ ಮಾಡಬಹುದು. ನಿಮಗೆ ಎರಡು ಚಿಕ್ಕ ಮಕ್ಕಳು, ರಾತ್ರಿ ಪಾಳಿ ಬೇಡ. ಕಾಮರ್ಸ್ ಓದಿದ್ದೀರಿ, ಕಂಪ್ಯೂಟರ್ ಒಂದಿಷ್ಟು ಕಲಿತರೆ ವೇ ಬ್ರಿಡ್ಜ್, ಟೈಮ್ ಆಫೀಸ್, ಸ್ಟೋರ್ಸ್ ಇಂಥ ಕಡೆ ಕೇಳಿ. ಕೆಲಸ ಕೊಡುತ್ತೇವೆ, ಕೇಸು ಬಿಡು ಅಂದರೆ ಮಾತ್ರ ಒಪ್ಪಬೇಡಿ. ಬಾಯಿಮಾತಿನ ಕೆಲಸ ಆರು ತಿಂಗಳಿಗೆ ಮುಗಿಯಬಹುದು.

ಗಣಿಯೊಂದನ್ನೇ ನಂಬಿಕೊಳ್ಳಬೇಡಿ ಅಂತಲೂ ಹೇಳುತ್ತೇನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ನೀವು ಇನ್ನೂ ಚಿಕ್ಕವರು. ಸಾಲ ಮಾಡಿ ಲಾರಿ ತಗೊಂಡವರ ಮನೆ ಮುಂದೆ ಲಾರಿ ತುಕ್ಕು ಹಿಡಿಯುತ್ತಾ ನಿಂತಿತ್ತು, ಕಂತು ಕಟ್ಟಲಾಗದೆ ಎಷ್ಟೋ ಗಾಡಿಗಳನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು. ಅದಕ್ಕೇ ಹೇಳುತ್ತಿದ್ದೇನೆ, ಪರಿಹಾರ ಬಂದ ವಾರವೇ ಯಾರೋ ಒಬ್ಬ ಸಂಬಂಧಿಕರು ಬಂದು, ಒಂದು ಟಿಪ್ಪರ್ ತಗೊಳ್ಳೋಣ, ತಿಂಗಳಿಗೆ ಇಷ್ಟು ಬಾಡಿಗೆ ಗ್ಯಾರಂಟಿ ಅಂತಾರೆ. ಬೇಡ. ಪೋಸ್ಟ್ ಆಫೀಸಿನಲ್ಲೋ ಬ್ಯಾಂಕಿನಲ್ಲೋ ಇಡಿ. ಬಡ್ಡಿಗೆ ಬಿಡಬೇಡಿ, ಚೀಟಿ ಹಾಕಬೇಡಿ. ಹೊಲಿಗೆ, ಕಸೂತಿ ಮಾಡು ಅಂತಲೂ ಸುಮಾರು ಜನ ಹೇಳುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ, ನಿಜ. ಆದರೆ ಕೈಯಲ್ಲಿ ಆ ಕಸುಬು ಮೊದಲೇ ಇದ್ದರೆ ಸರಿ, ಈಗ ಕಲಿತು ಅದರಲ್ಲೇ ಮನೆ ನಡೆಸುತ್ತೇನೆ ಅನ್ನುವುದು ಕಷ್ಟ. ಡಿಗ್ರಿಗೆ ದೂರಶಿಕ್ಷಣದಲ್ಲಿ ಸೇರಿಕೊಳ್ಳಿ, ಮೂರು ವರ್ಷ ಹೇಗೂ ಕಳೆಯುತ್ತದೆ.

ಮಗನ ವಿಷಯ. ಅಪ್ಪ ಡ್ಯೂಟಿಗೆ ಹೋಗಿದ್ದಾನೆ, ಬರ್ತಾನೆ ಅಂತ ಮನೆಯಲ್ಲಿ ಯಾರೋ ಹೇಳಿರಬೇಕು, ಅದಕ್ಕೇ ಅವನು ಸೈರನ್‌ಗೆ ಓಡುವುದು. ಇದನ್ನು ನಿಲ್ಲಿಸಬೇಕು. ನಿಮ್ಮ ಓಣಿಯಲ್ಲಿ ಎಲ್ಲರ ಅಪ್ಪಂದಿರೂ ಡ್ಯೂಟಿಗೆ ಹೋಗಿ ವಾಪಸ್ ಬರುತ್ತಾರೆ, ನನ್ನಪ್ಪ ಮಾತ್ರ ಯಾಕೆ ಬರಲಿಲ್ಲ, ನಾನು ಏನೋ ತಪ್ಪು ಮಾಡಿದೆನಾ ಅಂತ ಆ ಮಗು ಯೋಚಿಸುತ್ತದೆ. ನಾಳೆ ನೀವು ಕೆಲಸಕ್ಕೆ ಹೊರಟರೆ ನೀವೂ ಬರಲ್ಲ ಅಂತ ಕಾಲು ಹಿಡಿದು ಅಳುತ್ತದೆ. ಹತ್ತಿರ ಕೂರಿಸಿಕೊಂಡು ಹೇಳಿ: ಅಪ್ಪನಿಗೆ ಗಾಡಿ ಬಿದ್ದು ಏಟಾಯಿತು, ಅಪ್ಪ ಸತ್ತುಹೋದ, ಸತ್ತವರು ವಾಪಸ್ ಬರಲ್ಲ, ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ಮತ್ತೆ ಮತ್ತೆ ಕೇಳುತ್ತಾನೆ, ಅದೇ ಉತ್ತರ ಕೊಡಿ. ಸೈರನ್ ಹೊತ್ತಿಗೆ ಆದಷ್ಟು ಜೊತೆಗಿರಿ, ಇದು ಕಲ್ಲು ಸಿಡಿಸುವ ಸೈರನ್ ಕಂದಾ ಅಂತ ಹೇಳಿ. ನೀವು ಎದುರಿಗೆ ಅತ್ತರೂ ಪರವಾಗಿಲ್ಲ.

ನಿಮಗೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ. ಮನೆಯಲ್ಲಿ ಒತ್ತಾಯ ಮಿತಿ ಮೀರಿದರೆ, ಕೈ ಎತ್ತಿದರೆ, 181. ಕುಂಕುಮ, ಬಳೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಇಟ್ಟುಕೊಳ್ಳಬೇಕು ಅನಿಸಿದರೆ ಇಟ್ಟುಕೊಳ್ಳಿ, ಯಾರ ಅಪ್ಪಣೆಯೂ ಬೇಡ.

ಕೊನೆಗೆ ಸಣ್ಣ ಕೆಲಸಗಳು. ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಕೊಡಿ, ತಿಂಗಳಿಗೆ 800. ಬಿಪಿಎಲ್ ಕಾರ್ಡ್ ಇದ್ದರೆ ದುಡಿಯುವವರು ತೀರಿಹೋದ ಮನೆಗೆ ಒಮ್ಮೆ ಕೊಡುವ 20 ಸಾವಿರದ ಬಗ್ಗೆಯೂ ಅಲ್ಲೇ ವಿಚಾರಿಸಿ. ಗೃಹಲಕ್ಷ್ಮಿಯ 2 ಸಾವಿರ ಕಾರ್ಡಿನ ಯಜಮಾನಿ ಅಂತ ಅತ್ತೆಗೆ ಬರುತ್ತಿರಬಹುದು, ಒಂದೇ ಮನೆಯಲ್ಲಿ ಇರುವಷ್ಟು ದಿನ ಅದಕ್ಕೆ ಜಗಳ ತೆಗೆಯಬೇಡಿ, ಬೇರೆ ಆದರೆ ಕಾರ್ಡನ್ನೂ ಬೇರೆ ಮಾಡಿಸಿ. ಕೋರ್ಟಿಗೆ ಮೊದಲ ಸಲ ಹೋಗುವಾಗ ತವರಿನಿಂದ ಯಾರನ್ನಾದರೂ ಕರೆದುಕೊಂಡು ಹೋಗಿ. ಬಾಂಡ್ ಪೇಪರಿನ ಜೆರಾಕ್ಸ್ ಸಿಕ್ಕರೆ ಅದನ್ನೂ ತಗೊಂಡು ಹೋಗಿ, ಸಿಗದಿದ್ದರೂ ಕೇಸು ನಡೆಯುತ್ತದೆ.