ಸ್ಪೋರ್ಟಿಂಗ್ ಗುಂಪಿನಲ್ಲಿ ಲ್ಯಾಬ್ರಡಾರ್ ಇದೆ, ಅಷ್ಟು ಜೋರಾಗಿ ಓಡುವ ಮುಧೋಳ ನಾಯಿ ಯಾಕಿಲ್ಲ?

ನಿಮ್ಮ ಗೊಂದಲ ನನಗೂ ಇತ್ತು. ನಮ್ಮ ಮನೆಯ ಲ್ಯಾಬ್ರಡಾರ್ ಊಟದ ತಟ್ಟೆಯ ಸದ್ದಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಓಡುವುದಿಲ್ಲ, ಅದು ಸ್ಪೋರ್ಟಿಂಗ್ ಅಂತೆ!

ಇಲ್ಲಿ ಸ್ಪೋರ್ಟ್ ಅಂದರೆ ಓಟ ಅಲ್ಲ, ಬೇಟೆ. ಅದರಲ್ಲೂ ಕೋವಿ ಹಿಡಿದು ಹಕ್ಕಿ ಹೊಡೆಯಲು ಹೋಗುವವರ ಜೊತೆ ಕೆಲಸ ಮಾಡುವ ನಾಯಿಗಳ ಗುಂಪು ಇದು. ಸ್ಪೋರ್ಟಿಂಗ್ ಅನ್ನುವುದು ನಾಯಿ ತಳಿಗಳನ್ನು ಗುಂಪು ಮಾಡಿ ಪಟ್ಟಿ ಇಡುವ ಅಮೆರಿಕನ್ ಕೆನಲ್ ಕ್ಲಬ್ ಇಟ್ಟ ಹೆಸರು, ಬ್ರಿಟನ್ನಿನವರು ನೇರವಾಗಿ ಗನ್‌ಡಾಗ್ ಅಂತಾರೆ. ಆ ಹೆಸರೇ ವಾಸಿ.

ಒಳಗೆ ಕೆಲಸ ಹಂಚಿಕೊಂಡಿರುವ ರೀತಿ ನನಗೆ ತುಂಬಾ ಇಷ್ಟ. ಪಾಯಿಂಟರ್‌ಗೆ ಹಕ್ಕಿಯ ವಾಸನೆ ಸಿಕ್ಕಿದರೆ ಮೂಗನ್ನು ಅತ್ತ ಮಾಡಿ, ಎಷ್ಟೋ ಸಲ ಒಂದು ಮುಂಗಾಲನ್ನೂ ಎತ್ತಿಕೊಂಡು, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಸೆಟ್ಟರ್ ನೆಲಕ್ಕೆ ತಗ್ಗುತ್ತದೆ, ಯಾಕೆಂದರೆ ಕೋವಿಗಿಂತ ಮುಂಚೆ ಹಕ್ಕಿಗೆ ಬಲೆ ಬೀಸುತ್ತಿದ್ದರು, ನಾಯಿ ಅಡ್ಡ ನಿಂತರೆ ಬಲೆ ಮುಂದೆ ಹೋಗುವುದಿಲ್ಲವಲ್ಲ. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುತ್ತದೆ. ಹೊಡೆದ ಹಕ್ಕಿಯನ್ನು ಹಾಳು ಮಾಡದೆ ಬಾಯಲ್ಲಿ ಮೆತ್ತಗೆ ಹಿಡಿದು ತರುವುದು ರಿಟ್ರೀವರ್, ಲ್ಯಾಬ್ರಡಾರ್ ಇದೇ ಜಾತಿ. ನಮ್ಮದು ಬಂದವರ ಚಪ್ಪಲಿ ತಂದು ಹಾಲ್‌ನಲ್ಲಿ ಇಡುತ್ತದೆ. ಒಂದು ಗೀರೂ ಇರುವುದಿಲ್ಲ, ಬರೀ ಜೊಲ್ಲು.

ಮುಧೋಳ ಕೋವಿಗೆ ಕಾಯುವ ನಾಯಿಯೇ ಅಲ್ಲ. ಮೊಲ ಕಣ್ಣಿಗೆ ಬಿದ್ದರೆ ಸಾಕು, ತಾನೇ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಹಾಗಾಗಿ ಅದು ಬೇಟೆಯನ್ನು ತಾನೇ ಬೆನ್ನಟ್ಟುವ ಹೌಂಡ್ ಜಾತಿ, ಗ್ರೇಹೌಂಡ್ ಮತ್ತು ಸಲೂಕಿಯಂಥ ಓಟದ ನಾಯಿಗಳ ಸಾಲಿನದು. ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಅದರ ಹೆಸರೂ ಕ್ಯಾರವಾನ್ ಹೌಂಡ್. (ಮೂಗು ನಂಬಿ ಓಡುವ ಬೀಗಲ್ ಕೂಡ ಹೌಂಡೇ.)

ಆದರೆ ಈ ಗುಂಪುಗಳನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಅಮೆರಿಕದವರದು 7 ಗುಂಪು, ಎಫ್‌ಸಿಐ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯದು 10, ಅದರಲ್ಲಿ ಡ್ಯಾಶ್‌ಹೌಂಡ್ ಒಂದಕ್ಕೇ ಬೇರೆ ಗುಂಪು! ಪೂಡಲ್ ಕೂಡ ಹಿಂದೆ ನೀರಿಗೆ ಬಿದ್ದ ಹಕ್ಕಿ ತರುತ್ತಿದ್ದ ನಾಯಿ, ಈಗ ಅಮೆರಿಕದಲ್ಲಿ ನಾನ್-ಸ್ಪೋರ್ಟಿಂಗ್. ಸುಮ್ನೆ ಡಾಗ್ ಶೋಗಳಿಗಾಗಿ ಮಾಡಿಕೊಂಡ ಅನುಕೂಲ ಅಂತ ನನಗನ್ನಿಸುತ್ತದೆ.

ನೀವು ನಾಯಿ ಸಾಕುವ ಯೋಚನೆಯಿಂದ ಕೇಳಿದ್ದರೆ, ಗುಂಪಿನ ಹೆಸರು ಬಿಟ್ಟು ಹಳೇ ಕಸುಬು ನೋಡಿ. ಲ್ಯಾಬ್ರಡಾರ್ ಮನುಷ್ಯನ ಮಾತಿಗೆ ಕಿವಿಗೊಟ್ಟು ಕೆಲಸ ಮಾಡಿದ ತಳಿ, ಒಂದು ಚೆಂಡು ಎಸೆದರೆ ಅದಕ್ಕೆ ಹಬ್ಬ. ಮುಧೋಳ ತನ್ನ ಕಣ್ಣನ್ನು ನಂಬಿದ್ದು, ಬೆಕ್ಕು ಓಡಿದರೆ ನೀವು ಎಷ್ಟು ಕೂಗಿದರೂ ತಿರುಗಿ ನೋಡದೇ ಇರಬಹುದು, ಅದಕ್ಕೇ ರಸ್ತೆ ಬದಿಯಲ್ಲಿ ಹಗ್ಗ ಬಿಚ್ಚಬೇಡಿ. ಮೊಲದ ಬೇಟೆಯ ಆಸೆಯಂತೂ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮುಧೋಳದ ಮರಿಯೇ ಬೇಕು ಅಂದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ.