ಬಿಆರ್‌ಎಸ್‌ಆರ್ ತಯಾರಿ: ವರದಿಗಿಂತ ಮೊದಲು ಬಿಲ್ ನೋಡಿ

ನಿಮ್ಮ ಕಂಪನಿ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳುವ ಮೊದಲ 1000 ಕಂಪನಿಗಳ ಪಟ್ಟಿಗೆ ಬಂದಿದೆ, ಬಿಆರ್‌ಎಸ್‌ಆರ್ ವರದಿಯ (ಪರಿಸರ, ಕಾರ್ಮಿಕರು, ಆಡಳಿತದ ಬಗ್ಗೆ ಕಂಪನಿ ಪ್ರತಿ ವರ್ಷ ಕೊಡಬೇಕಾದ ಲೆಕ್ಕ) ತಯಾರಿ ಎಲ್ಲಿಂದ ಶುರು ಮಾಡಬೇಕು, ಒಬ್ಬ ಕನ್ಸಲ್ಟೆಂಟ್ ಹಿಡಿದರೆ ಸಾಕಾ ಎಂದು ಕೇಳಿದ್ದೀರಿ. ಒಂದು ಕಾರ್ಖಾನೆ ಕಂಪನಿಯಲ್ಲಿ ಈ ವರದಿಯ ಲೆಕ್ಕ ಒಟ್ಟುಮಾಡುವುದೇ ನನ್ನ ಕೆಲಸ. ಕನ್ಸಲ್ಟೆಂಟ್ ಸಹಾಯಕ್ಕೆ ಬರುತ್ತಾರೆ, ಬೇಡ ಅನ್ನಲ್ಲ. ಆದರೆ ಅವರು ಬರೆದುಕೊಡಬಲ್ಲರೇ ಹೊರತು, ನಿಮ್ಮಲ್ಲಿ ಇಲ್ಲದ ಲೆಕ್ಕವನ್ನು ಹುಟ್ಟಿಸಿಕೊಡಲಾರರು.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಸೆಬಿ ಇದನ್ನು 2021ರಲ್ಲಿ ತಂದಿತು, 2022-23ರಿಂದ ಕಡ್ಡಾಯವಾಯಿತು. 2023ರಲ್ಲಿ ಬಿಆರ್‌ಎಸ್‌ಆರ್ ಕೋರ್, ಅಂದರೆ ಆ ವರದಿಯ ಆಯ್ದ ಮುಖ್ಯ ಅಂಕಿಗಳ ಭಾಗ ಬಂತು. ಅದರಲ್ಲಿರುವ ಅಂಕಿಗಳನ್ನು ಹೊರಗಿನವರು ಬಂದು ಪರಿಶೀಲಿಸಬೇಕು. ಮೊದಲು 150 ಕಂಪನಿಗಳಿಗೆ ಇದ್ದ ಈ ನಿಯಮ ಹಂತಹಂತವಾಗಿ ಬೆಳೆದು, 2026-27ಕ್ಕೆ 1000 ಕಂಪನಿಗಳನ್ನೂ ಮುಟ್ಟುತ್ತದೆ. ತಯಾರಿಯ ಸ್ವರೂಪವೇ ಬದಲಾಗಿದ್ದು ಇದರಿಂದ. ಮೊದಲು ಅಂಕಿ ಬರೆದರೆ ಮುಗಿಯುತ್ತಿತ್ತು, ಈಗ ಅದಕ್ಕೆ ದಾಖಲೆ ತೋರಿಸಬೇಕು.

ಒಂದು ಉದಾಹರಣೆ ನೋಡಿ. ಎಸಿ ಸರ್ವಿಸ್ ಮಾಡುವವರು ಗ್ಯಾಸ್ ತುಂಬಿಸಿ ಬಿಲ್ ಕೊಡುತ್ತಾರೆ. ಬಿಲ್‌ನಲ್ಲಿ 'ಗ್ಯಾಸ್ ಫಿಲ್ಲಿಂಗ್' ಅಂತಷ್ಟೇ ಇರುತ್ತದೆ. ಎಷ್ಟು ಕೆಜಿ, ಯಾವ ಗ್ಯಾಸ್, ಎರಡೂ ಇರಲ್ಲ. ಅಕೌಂಟ್ಸ್‌ನವರಿಗೆ ದುಡ್ಡಿನ ಮೊತ್ತ ಸಾಕು, ಪಾಸ್ ಮಾಡಿಬಿಡುತ್ತಾರೆ. ಆದರೆ ವರದಿಗೆ ಕೆಜಿ ಬೇಕು, ಮತ್ತೆ ತುಂಬಿಸಿದಷ್ಟು ಗ್ಯಾಸ್ ಸೋರಿಹೋಗಿದೆ ಅಂತಲೇ ಲೆಕ್ಕ. ಎಸಿಗಳಲ್ಲಿ ಬಳಸುವ ಆರ್-410ಎ ಗ್ಯಾಸ್ 1 ಕೆಜಿ ಸೋರಿದರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ವರ್ಷದ ಕೊನೆಗೆ ಹಳೇ ಬಿಲ್ ಹಿಡಿದು ಕೆಜಿ ಕೇಳಿದರೆ ಆ ಮೆಕ್ಯಾನಿಕ್‌ಗೆ ನೆನಪಿರುತ್ತಾ? ಅದಕ್ಕೇ ಪರ್ಚೇಸ್ ಆರ್ಡರ್‌ನಲ್ಲೇ 'ಗ್ಯಾಸಿನ ಹೆಸರು, ತೂಕ ಬರೆಯದ ಬಿಲ್ ತೆಗೆದುಕೊಳ್ಳುವುದಿಲ್ಲ' ಎಂದು ಒಂದು ಸಾಲು ಸೇರಿಸಿ. ಇಂಥ ಒಂದು ಸಾಲು ಮಾಡುವ ಕೆಲಸ ದುಬಾರಿ ಸಾಫ್ಟ್‌ವೇರ್ ಮಾಡಲ್ಲ.

ಡೀಸೆಲ್ ಕೂಡ ಹಾಗೇ. ಕೊಂಡ ಲೀಟರ್ ಬೇರೆ, ಜನರೇಟರ್‌ನಲ್ಲಿ ಉರಿದ ಲೀಟರ್ ಬೇರೆ. ಏಪ್ರಿಲ್ 1ರಂದು ಟ್ಯಾಂಕ್‌ನಲ್ಲಿ ಎಷ್ಟಿತ್ತು, ಮಾರ್ಚ್ 31ಕ್ಕೆ ಎಷ್ಟು ಉಳಿಯಿತು ಅಂತ ಯಾರಾದರೂ ಅಳತೆ ಹಾಕಿ ಬರೆದು ಸಹಿ ಮಾಡಿರಬೇಕು. ಕರೆಂಟ್ ಸ್ವಲ್ಪ ಸುಲಭ. ಯೂನಿಟ್ ಲೆಕ್ಕ ಬಿಲ್‌ನಲ್ಲೇ ಸಿಗುತ್ತದೆ, ಒಂದು ಯೂನಿಟ್‌ಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಅನ್ನುವುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಈಗ ಅದು ಸುಮಾರು 0.7 ಕೆಜಿ. ನೀರಿನದ್ದು ಮಾತ್ರ ನಿಜಕ್ಕೂ ತಲೆನೋವು. ಮೀಟರ್ ಇಲ್ಲದ ಬೋರ್‌ವೆಲ್ ಇದ್ದರೆ ಇವತ್ತೇ ಹಾಕಿಸಿ. ಹರಿದುಹೋದ ನೀರನ್ನು ಆಮೇಲೆ ಅಳೆಯಲು ಆಗಲ್ಲ ಅಲ್ವಾ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಜನರ ಲೆಕ್ಕ. ಕೆಲಸ ತಪ್ಪಿಸಿದ ಗಾಯಗಳು 10 ಲಕ್ಷ ಕೆಲಸದ ಗಂಟೆಗೆ ಎಷ್ಟು ಅಂತ ವರದಿಯಲ್ಲಿ ಹೇಳಬೇಕು. ಗುತ್ತಿಗೆ ಕಾರ್ಮಿಕರೂ ಇದರಲ್ಲಿ ಸೇರುತ್ತಾರೆ. ಅವರ ಹಾಜರಿ ಪುಸ್ತಕ ಇರುವುದು ಗುತ್ತಿಗೆದಾರರ ಹತ್ತಿರ. ಅವರಲ್ಲೊಬ್ಬರ ಕೈಗೆ ಪೆಟ್ಟಾದರೆ ಸುಮ್ನೆ ಮನೆಗೆ ಕಳಿಸಿ, ಮರುದಿನ ಬೇರೆಯವರನ್ನು ಕರೆತಂದರೆ ಆ ಗಾಯ ಎಲ್ಲೂ ದಾಖಲಾಗುವುದೇ ಇಲ್ಲ. ಕಾಗದದ ಮೇಲೆ ಸೊನ್ನೆ ಬಂದಾಗ ಖುಷಿಪಡುವ ಮೊದಲು ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ರಿಜಿಸ್ಟರ್ ತೆಗೆದು ಹೋಲಿಸಿ ನೋಡಿ. ದಯವಿಟ್ಟು ಇದೊಂದನ್ನು ಬಿಡಬೇಡಿ.

ಜವಾಬ್ದಾರಿಯ ವಿಚಾರ. ಬಹಳ ಕಡೆ ಇದನ್ನು ಕಂಪನಿ ಸೆಕ್ರೆಟರಿ ತಲೆಗೆ ಕಟ್ಟುತ್ತಾರೆ. ಫೈಲಿಂಗ್ ಅವರದ್ದೇ, ಸರಿ. ಆದರೆ ಡೀಸೆಲ್ ಟ್ಯಾಂಕ್ ಅವರ ಕೈಯಲ್ಲಿಲ್ಲ. ಪ್ರತಿ ಅಂಕಿಗೂ ಅದು ಹುಟ್ಟುವ ಜಾಗದಲ್ಲೇ ಒಬ್ಬರ ಹೆಸರು ಬರೆಯಿರಿ: ಕರೆಂಟ್‌ಗೆ ಮೇಂಟೆನೆನ್ಸ್‌ನವರು, ಕಸಕ್ಕೆ ಸ್ಟೋರ್ಸ್‌ನವರು, ಹಾಜರಿಗೆ ಎಚ್‌ಆರ್. ತಿಂಗಳು ತಿಂಗಳು ಅಂಕಿ ಬರಲಿ, ಜೊತೆಗೆ ಬಿಲ್‌ನ ಪ್ರತಿಯೂ ಬರಲಿ. ಒಂದು ತಿಂಗಳ ಅಂಕಿ ಹಿಂದಿನದಕ್ಕಿಂತ ತುಂಬಾ ಜಾಸ್ತಿ ಕಂಡರೆ ಆಗಲೇ ಕೇಳಿ. ಕಾರಣ ಆಗಿನ್ನೂ ಎಲ್ಲರಿಗೂ ನೆನಪಿರುತ್ತದೆ.

ಇನ್ನೊಂದು ಮಾತು, ವರದಿ ತಯಾರಿಸಿಕೊಟ್ಟವರ ಕೈಲೇ ಪರಿಶೀಲನೆ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪರಿಶೀಲಿಸುವವರಿಗೆ ಹಿತಾಸಕ್ತಿಯ ಸಂಘರ್ಷ ಇರದಂತೆ ನಿರ್ದೇಶಕ ಮಂಡಳಿಯೇ ನೋಡಿಕೊಳ್ಳಬೇಕು ಅಂತ ಸೆಬಿ ಹೇಳಿದೆ. ಆ ಇಬ್ಬರನ್ನೂ ವರ್ಷದ ಆರಂಭದಲ್ಲೇ ಬೇರೆ ಬೇರೆಯಾಗಿ ಗೊತ್ತುಮಾಡಿಕೊಳ್ಳಿ.